ಹೇಳದೆ ಬಡಿಸಿದ ಸಸ್ಯಮಾಂಸ: ರುಚಿ ಒಪ್ಪಿದರೂ ಮನಸ್ಸು ಏಕೆ ಒಪ್ಪಲಿಲ್ಲ?

ಅಡುಗೆಮನೆಯಿಂದ

ಅಪ್ಪನಿಗೆ ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ಕೆಂಪು ಮಾಂಸ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು. ಎಪ್ಪತ್ತು ದಾಟಿದ ಅವರ ಮುಖ ಈಗೀಗ ಅರಳುವುದು ಊಟದ ಹೊತ್ತಿಗೆ ಮಾತ್ರ. ಅದನ್ನೂ ಕಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಟಾಣಿಯ ಪ್ರೋಟೀನಿನಿಂದ ಮಾಡಿದ, ನೋಡಲು ಕೊಚ್ಚಿದ ಮಾಂಸದಂತೆಯೇ ಇರುವ ಒಂದು ಪ್ಯಾಕೆಟ್ ತಂದೆ. ಎಂದಿನಂತೆ ಮಸಾಲೆ ಹಾಕಿ ಬೇಯಿಸಿ, ಏನೂ ಹೇಳದೆ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ತಿಂದರು.

ನನಗೆ ಸಂತೋಷ ತಡೆಯಲಾಗಲಿಲ್ಲ. ಊಟ ಮುಗಿದ ಕೂಡಲೇ ನಿಜ ಹೇಳಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ಎದ್ದು ಕೈ ತೊಳೆದು, ‘ಮೊದಲೇ ಹೇಳಬಹುದಿತ್ತಲ್ಲಮ್ಮಾ’ ಎಂದರು, ಅಷ್ಟೇ. ಅಂದಿನಿಂದ ನಾನು ಏನು ಬಡಿಸಿದರೂ ಅದೇನೆಂದು ಕೇಳಿಯೇ ತುತ್ತು ಎತ್ತುತ್ತಾರೆ. ಪ್ಯಾಕೆಟ್‌ನ ಉಳಿದರ್ಧ ಫ್ರೀಜರಿನಲ್ಲಿ ಹಾಗೆಯೇ ಇದೆ.

ರುಚಿಯಲ್ಲಿ ಕೊರತೆ ಇರಲಿಲ್ಲ ಎನ್ನುವುದಕ್ಕೆ ಖಾಲಿಯಾದ ತಟ್ಟೆಯೇ ಸಾಕ್ಷಿ. ಹಾಗಾದರೆ ಅವರಿಗೆ ಬೇಡವಾದದ್ದು ಏನು? ನಾನು ತಂದದ್ದು ಬರಿಯ ಬಟಾಣಿ. ಪ್ರಾಣಿಯ ಜೀವಕೋಶಗಳನ್ನು ತೊಟ್ಟಿಯಲ್ಲಿಟ್ಟು ಬೆಳೆಸಿದ ಮಾಂಸ ಅಂಗಡಿಗೆ ಬಂದರೆ ಜನ ಅದನ್ನು ಒಪ್ಪುತ್ತಾರೆಯೇ? ಈ ವಿಷಯ ಬಲ್ಲವರು, ಬೇಯಿಸಿದವರು, ತಿಂದವರು, ಬೇಡವೆಂದವರು ಎಲ್ಲರೂ ಮನಸ್ಸು ಬಿಚ್ಚಿ ಬರೆಯಿರಿ. ಯಾರೂ ಯಾರನ್ನೂ ಹೀಯಾಳಿಸಬೇಡಿ.

ಸಮೀಕ್ಷೆಗಾರ

ನಿಮ್ಮ ಮನೆಯಲ್ಲಿ ನಡೆದದ್ದಕ್ಕೆ ತದ್ವಿರುದ್ಧವಾದ ಒಂದು ಪ್ರಯೋಗ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದಿದೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 193 ಜನರಿಗೆ ಎರಡೆರಡು ತುಂಡು ಮಾಂಸ ಕೊಟ್ಟರು. ಒಂದು ಮಾಮೂಲಿ ಮಾಂಸ, ಇನ್ನೊಂದು ಕೋಶಗಳಿಂದ ಬೆಳೆಸಿದ್ದು ಎಂದು ಹೇಳಿದರು. ವಾಸ್ತವದಲ್ಲಿ ಎರಡೂ ಮಾಮೂಲಿ ಮಾಂಸವೇ. ತಿನ್ನುವುದಿಲ್ಲ ಎಂದವರು ಒಬ್ಬರೂ ಇರಲಿಲ್ಲ. ಸಾಲದ್ದಕ್ಕೆ, ಬೆಳೆಸಿದ್ದು ಎಂದು ಹೆಸರು ಹೊತ್ತ ತುಂಡಿಗೇ ಹೆಚ್ಚು ರುಚಿಯ ಅಂಕ ಬಿತ್ತು! ನಾಲಿಗೆಗೆ ತಲುಪುವ ಮೊದಲೇ ಊಟ ತಲೆಯಲ್ಲಿ ಅರ್ಧ ಮುಗಿದಿರುತ್ತದೆ ಎಂದು ನಾನು ಈ ಕೆಲಸದಲ್ಲಿ ಕಲಿತದ್ದು ಹೀಗೆ. ಆ ಜನ ಹೊಸತನ್ನು ತಿನ್ನಲೆಂದೇ ಬಂದು ಕುಳಿತಿದ್ದರು, ಮಾಹಿತಿ ಓದಿ ತಿಂದರು. ನಿಮ್ಮ ತಂದೆಗೆ ಆ ಅವಕಾಶವೇ ಸಿಗಲಿಲ್ಲ. (ಆ ಅಧ್ಯಯನ ಮಾಡಿದವರಲ್ಲಿ ಇಂಥ ಮಾಂಸವನ್ನು ಮೊದಲು ಬೆಳೆಸಿದ ವಿಜ್ಞಾನಿಯೂ ಇದ್ದರು. ಅದನ್ನು ನೆನಪಿನಲ್ಲಿಟ್ಟುಕೊಂಡೇ ಫಲಿತಾಂಶವನ್ನು ತೂಗಬೇಕು.)

ಹೊಸ ಆಹಾರವನ್ನು ಕಂಡರೆ ಹಿಂಜರಿಯುವುದು ಮನುಷ್ಯನ ಹಳೆಯ ಸ್ವಭಾವ. ಸಿಕ್ಕಿದ್ದೆಲ್ಲವನ್ನೂ ತಿನ್ನಬಲ್ಲ ಪ್ರಾಣಿಗೆ ವಿಷದ ಭಯವೂ ಇರಲೇಬೇಕು. ಈ ಹಿಂಜರಿಕೆಯನ್ನು ಅಳೆಯಲು 1992ರಲ್ಲಿ ಪ್ಲೈನರ್ ಮತ್ತು ಹಾಬ್ಡನ್ ಎಂಬ ಸಂಶೋಧಕರು ಹತ್ತು ವಾಕ್ಯಗಳ ಒಂದು ಅಳತೆಗೋಲನ್ನು ರೂಪಿಸಿದರು. ‘ಒಂದು ಆಹಾರದಲ್ಲಿ ಏನಿದೆ ಎಂದು ತಿಳಿಯದಿದ್ದರೆ ನಾನು ಅದನ್ನು ತಿನ್ನುವುದಿಲ್ಲ’ ಎನ್ನುವ ಅರ್ಥದ ವಾಕ್ಯವೂ ಅದರಲ್ಲಿದೆ. ನಿಮ್ಮ ತಂದೆ ಈಗ ಆ ವಾಕ್ಯದಂತೆಯೇ ಬದುಕುತ್ತಿದ್ದಾರೆ. ಅದನ್ನು ಹಟ ಎಂದು ಭಾವಿಸಬೇಡಿ.

ಹಟ್ಟಿಯವನು

ನಾನು ಕುರಿ, ದನ ಸಾಕುವವನು. ಜಗಳ ಕಾಯಲು ಬಂದಿಲ್ಲ, ಆದರೆ ಮನಸ್ಸಿನಲ್ಲಿರುವುದನ್ನು ಹೇಳಿಯೇ ಹೋಗುತ್ತೇನೆ.

ನಿಮ್ಮ ತಂದೆಗೆ ಆದದ್ದು ನನಗೆ ಪೂರ್ತಿ ಅರ್ಥವಾಗುತ್ತದೆ. ಮಾಂಸ ಎನ್ನುವ ಮಾತಿನ ಹಿಂದೆ ಒಂದು ಪ್ರಾಣಿ ಇದೆ, ಅದನ್ನು ಮೇಯಿಸಿದವನಿದ್ದಾನೆ, ಹಡೆಯುವಾಗ ರಾತ್ರಿಯಿಡೀ ಪಕ್ಕದಲ್ಲಿ ಕುಳಿತವನಿದ್ದಾನೆ. ಬಟಾಣಿಯ ಹಿಟ್ಟಿಗೆ ಅದೇ ಹೆಸರು ಕೊಟ್ಟು ಮಾರಿದಾಗ ನನ್ನ ಬದುಕಿನ ಹೆಸರನ್ನೇ ಯಾರೋ ಎತ್ತಿಕೊಂಡು ಹೋದಂತೆ ಅನ್ನಿಸುತ್ತದೆ. ಬಟಾಣಿಯನ್ನು ಬಟಾಣಿ ಎಂದು ಮಾರಲಿ, ನಾನೂ ಕೊಳ್ಳುತ್ತೇನೆ.

ತೊಟ್ಟಿಯಲ್ಲಿ ಬೆಳೆಸುವ ಮಾಂಸದ ವಿಷಯದಲ್ಲಿ ನನಗೆ ಭಯವೇ ಇದೆ. ಏನು ಹಾಕಿ ಬೆಳೆಸುತ್ತಾರೆ? ಕೋಶಗಳು ನಿಲ್ಲದೆ ಬೆಳೆಯುತ್ತಲೇ ಇರುತ್ತವೆ ಎನ್ನುತ್ತಾರೆ. ಹಾಗೆ ಬೆಳೆಯುವ ಕಾಯಿಲೆಯ ಹೆಸರು ನಮಗೆಲ್ಲ ಗೊತ್ತು. ಬಲ್ಲವರಿದ್ದರೆ ಸುತ್ತಿ ಬಳಸದೆ ಉತ್ತರಿಸಿ.

ಕೋಶಗಾರ್ತಿ

ಹಟ್ಟಿಯವರೇ, ನಾನು ಪ್ರಾಣಿಕೋಶಗಳನ್ನು ಬೆಳೆಸುವ ಕೆಲಸ ಕಲಿತವಳು. ಸುತ್ತಿ ಬಳಸದೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಜೀವಂತ ಪ್ರಾಣಿಯಿಂದ ಚಿಕ್ಕ ಚೂರು ಅಂಗಾಂಶ ತೆಗೆಯಬಹುದು, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಅದರೊಳಗೆ ಸ್ನಾಯುವಿಗೆ ಪೆಟ್ಟು ಬಿದ್ದಾಗ ದುರಸ್ತಿ ಮಾಡುವ ಕಾಂಡಕೋಶಗಳು ಇರುತ್ತವೆ. ಅವನ್ನು ಬೇರ್ಪಡಿಸಿ ಸಕ್ಕರೆ, ಅಮೈನೊ ಆಮ್ಲ, ಲವಣ, ಜೀವಸತ್ವ ಮತ್ತು ಬೆಳವಣಿಗೆಯ ಸಂಕೇತ ಕೊಡುವ ಪ್ರೋಟೀನುಗಳಿರುವ ದ್ರಾವಣದಲ್ಲಿ, ದೇಹದೊಳಗಿನಂಥದೇ 37 ಡಿಗ್ರಿ ಆಸುಪಾಸಿನ ಶಾಖದಲ್ಲಿ ಇಡುತ್ತೇವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಸಾಕಷ್ಟು ಆದ ಮೇಲೆ ದ್ರಾವಣವನ್ನು ಬದಲಿಸಿದರೆ ಕೋಶಗಳು ಹೆಚ್ಚುವುದನ್ನು ನಿಲ್ಲಿಸಿ, ಒಂದಕ್ಕೊಂದು ಕೂಡಿಕೊಂಡು ಸ್ನಾಯುವಿನ ಎಳೆಗಳಾಗುತ್ತವೆ.

ನೀವು ಕೇಳಿದ ಭಯಕ್ಕೆ ಬರುತ್ತೇನೆ. ಸಾಮಾನ್ಯ ಕೋಶ ಒಂದಿಷ್ಟು ಸಲ ಒಡೆದು ಎರಡಾದ ಮೇಲೆ ನಿಲ್ಲುತ್ತದೆ. ಅದಕ್ಕೇ ಕೆಲವು ಕಂಪನಿಗಳು ನಿಲ್ಲದೆ ಒಡೆಯುವ ಕೋಶವಂಶಗಳನ್ನು ಬಳಸುತ್ತವೆ. ಇದು ನಿಜ, ಮುಚ್ಚಿಡಬೇಕಾದ ವಿಷಯವೂ ಅಲ್ಲ. ಆದರೆ ಆ ಕೋಶ ಬದುಕಿರುವುದು ತೊಟ್ಟಿಯ ಆ ದ್ರಾವಣದಲ್ಲಿ ಮಾತ್ರ. ಹೊರಗೆ ತೆಗೆದರೆ ಸಾಯುತ್ತದೆ, ಬೇಯಿಸಿದರೆ ಉಳಿದ ಮಾಂಸದಂತೆಯೇ ಪ್ರೋಟೀನ್ ಆಗುತ್ತದೆ, ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಕೋಳಿಯ ಕೋಶ ನಿಮ್ಮ ದೇಹದಲ್ಲಿ ಬೇರು ಬಿಡುವುದಿಲ್ಲ.

ನನಗೆ ನಿಜವಾಗಿ ಮುಜುಗರ ತಂದದ್ದು ಸೀರಮ್. ದಶಕಗಳಿಂದ ಬಹುತೇಕ ಕೋಶ ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಪೋಷಕ ವಸ್ತು ಎಂದರೆ ಗರ್ಭದಲ್ಲಿರುವ ಕರುವಿನ ರಕ್ತದಿಂದ ತೆಗೆದ ತಿಳಿದ್ರವ, ಅಂದರೆ ಸೀರಮ್. ಪ್ರಾಣಿಗಳನ್ನು ಉಳಿಸುತ್ತೇವೆ ಎಂದು ಹೊರಟವರು ಇದನ್ನು ಬಳಸಿದರೆ ಆ ಮಾತಿಗೆ ಬೆಲೆಯೇ ಇಲ್ಲ. 2020ರ ಕೊನೆಯಲ್ಲಿ ಸಿಂಗಪುರ ಜಗತ್ತಿನಲ್ಲೇ ಮೊದಲ ಬಾರಿಗೆ ಇಂಥ ಕೋಳಿಮಾಂಸದ ಮಾರಾಟಕ್ಕೆ ಅನುಮತಿ ಕೊಟ್ಟಾಗ ಸೀರಮ್ ಇನ್ನೂ ಬಳಕೆಯಲ್ಲಿತ್ತು. ಸೀರಮ್ ಇಲ್ಲದ ದ್ರಾವಣಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದು 2023ರ ಜನವರಿಯಲ್ಲಿ. ಈಗ ಹಲವರು ಸೀರಮ್ ಬಿಟ್ಟಿದ್ದಾರೆ. ಗ್ರಾಹಕರು ಪ್ರತಿಯೊಬ್ಬ ತಯಾರಕನನ್ನೂ ಈ ಪ್ರಶ್ನೆ ಕೇಳಲೇಬೇಕು ಎಂದು ನಾನು ಹೇಳುತ್ತೇನೆ.

ಇನ್ನು ಇದು ದೊಡ್ಡ ಪ್ರಮಾಣದಲ್ಲಿ ಏಕೆ ಬರುತ್ತಿಲ್ಲ ಎಂದರೆ, ತೊಟ್ಟಿಯಲ್ಲಿರುವ ಕೋಶಕ್ಕೆ ರೋಗನಿರೋಧಕ ಶಕ್ತಿ ಇಲ್ಲ. ನಮ್ಮ ಕೋಶ ಎರಡಾಗಲು ಸುಮಾರು ಒಂದು ದಿನ ಬೇಕು. ಬ್ಯಾಕ್ಟೀರಿಯಾಕ್ಕೆ ಇಪ್ಪತ್ತು ನಿಮಿಷ ಸಾಕು. ಒಂದೇ ಒಂದು ಒಳಹೊಕ್ಕರೆ ಇಡೀ ತೊಟ್ಟಿ ಚರಂಡಿಗೆ. ವಾರಗಟ್ಟಲೆ ದುಡಿದು ಹಾಗೆ ಚೆಲ್ಲಿದ ದಿನ ನಾನು ಅತ್ತಿದ್ದೇನೆ. ದಪ್ಪ ತುಂಡಿನ ಸಮಸ್ಯೆ ಬೇರೆ. ರಕ್ತನಾಳವಿಲ್ಲದೆ ಆಮ್ಲಜನಕ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದಲೇ ಮೊದಲು ಬಂದದ್ದೆಲ್ಲ ಕೊಚ್ಚಿದ ಮಾಂಸದ ರೂಪದಲ್ಲಿ ಬಂತು. 2013ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಎಲ್ಲರ ಮುಂದೆ ಬೇಯಿಸಿ ತೋರಿಸಿದ ಬರ್ಗರಿನಲ್ಲಿ ಒಂದೊಂದಾಗಿ ಬೆಳೆಸಿದ ಸುಮಾರು 20,000 ಎಳೆಗಳಿದ್ದವು. ಅದಕ್ಕೆ ತಗುಲಿದ ವೆಚ್ಚ ಸುಮಾರು 2,50,000 ಯೂರೊ. ಕೊಬ್ಬು ಇರಲಿಲ್ಲ, ಬಣ್ಣಕ್ಕೆ ಬೀಟ್‌ರೂಟ್ ರಸ ಸೇರಿಸಿದ್ದರು.

ಓದುಗ

ಕೊಲ್ಲದೆ ಬೆಳೆಸಿದ್ದಾದರೆ ಅದು ಸಸ್ಯಾಹಾರವೇ? ಮೀನು ತಿಂದರೆ ಮೈ ತುರಿಸುವವರು ಕೋಶದಿಂದ ಬೆಳೆಸಿದ ಮೀನು ತಿನ್ನಬಹುದೇ?

ಕೋಶಗಾರ್ತಿ

ಸಸ್ಯಾಹಾರ ಅಲ್ಲ. ಅದು ಪ್ರಾಣಿಕೋಶ, ಅಂದರೆ ಮಾಂಸವೇ. ಕೊಲ್ಲುವುದಕ್ಕಾಗಿಯೇ ಮಾಂಸ ಬಿಟ್ಟವರು ತಮ್ಮ ನಿರ್ಧಾರವನ್ನು ಹೊಸದಾಗಿ ಯೋಚಿಸಬಹುದು, ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಮೀನಿನ ಪ್ರಶ್ನೆಗೆ ಉತ್ತರ ಸ್ಪಷ್ಟ: ತಿನ್ನಬಾರದು. ಕೋಶ ಮೀನಿನದೇ ಆದ್ದರಿಂದ ಅಲರ್ಜಿ ತರುವ ಪ್ರೋಟೀನ್ ಕೂಡ ಅದರಲ್ಲಿರುತ್ತದೆ.

ಧರ್ಮದ ಪ್ರಶ್ನೆಯನ್ನೂ ಹಲವರು ಕೇಳುತ್ತಾರೆ. 2024ರ ಫೆಬ್ರುವರಿಯಲ್ಲಿ ಸಿಂಗಪುರದ ಇಸ್ಲಾಮಿಕ್ ಧಾರ್ಮಿಕ ಮಂಡಳಿಯ ಫತ್ವಾ ಸಮಿತಿ ಷರತ್ತುಗಳೊಂದಿಗೆ ಇದನ್ನು ಹಲಾಲ್ ಎಂದು ಪರಿಗಣಿಸಬಹುದು ಎಂದಿತು. ಕೋಶ ಎಲ್ಲಿಂದ ಬಂತು, ಯಾವುದರಲ್ಲಿ ಬೆಳೆಯಿತು ಎನ್ನುವುದೇ ಅಲ್ಲಿಯೂ ಮುಖ್ಯ ಪ್ರಶ್ನೆ.

ಬಾಣಸಿಗ

ಹದಿನೆಂಟು ವರ್ಷದಿಂದ ಒಲೆಯ ಮುಂದೆ ನಿಂತಿದ್ದೇನೆ. ರುಚಿ ಇದ್ದರೆ ಸಾಕು ಎನ್ನುವವರಿಗೆ ನನ್ನದೊಂದು ತಕರಾರು ಇದೆ. ಸಸ್ಯಜನ್ಯ ಮಾಂಸದ ಮೊದಲ ತುತ್ತಿಗೂ ಕೊನೆಯ ತುತ್ತಿಗೂ ವ್ಯತ್ಯಾಸವಿದೆ.

ಬಟಾಣಿ ಅಥವಾ ಸೋಯಾ ಪ್ರೋಟೀನಿನ ಹಿಟ್ಟನ್ನು ನೀರಿನೊಂದಿಗೆ ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ಶಾಖ, ಒತ್ತಡ ಕೊಟ್ಟು ತಳ್ಳಿ, ತಣಿಯುವ ಕೊಳವೆಯ ಮೂಲಕ ಹಾಯಿಸಿದರೆ ಪ್ರೋಟೀನುಗಳು ಸಾಲಾಗಿ ನಿಂತು ನಾರಿನಂತಾಗುತ್ತವೆ. ನಾರು ಬಂತು ಎಂದುಕೊಳ್ಳಿ. ಕೊಬ್ಬಿಗೆ ತೆಂಗಿನೆಣ್ಣೆ ಹಾಕುತ್ತಾರೆ, ಏಕೆಂದರೆ ತಂಪಿನಲ್ಲಿ ಅದು ಗಟ್ಟಿಯಾಗಿ ಬಿಳಿಯ ಚುಕ್ಕೆಯಂತೆ ನಿಲ್ಲುತ್ತದೆ. ಆದರೆ ಪ್ರಾಣಿಯ ಕೊಬ್ಬಿಗಿಂತ ಬೇಗ ಕರಗಿ ಬಾಣಲೆಗೆ ಹರಿದುಹೋಗುತ್ತದೆ. ಎಲ್ಲವನ್ನೂ ಹಿಡಿದಿಡಲು ಮೀಥೈಲ್ ಸೆಲ್ಯುಲೋಸ್ ಬಳಸುತ್ತಾರೆ. ಇದರ ಗುಣ ವಿಚಿತ್ರ. ಬಿಸಿಯಾದಾಗ ಗಟ್ಟಿಯಾಗುತ್ತದೆ, ಆರಿದಾಗ ಸಡಿಲವಾಗುತ್ತದೆ. ಮಾಂಸ ಆರಿದರೆ ಬಿಗಿಯುತ್ತದೆ, ಇದು ಆರಿದರೆ ಮೆತ್ತಗಾಗುತ್ತದೆ. ತಿನ್ನುವವರಿಗೆ ಏನೆಂದು ಹೇಳಲು ಬರುವುದಿಲ್ಲ, ‘ಏನೋ ಸರಿಯಿಲ್ಲ’ ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಅದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಪರಿಮಳದ ವಿಷಯದಲ್ಲಿ ನನ್ನ ಮನಸ್ಸು ಗೆದ್ದದ್ದು ಹೀಮ್. ರಕ್ತಕ್ಕೆ ಕೆಂಪು ಬಣ್ಣ, ಮಾಂಸಕ್ಕೆ ಮಾಂಸದ ಘಮ ಕೊಡುವ, ಕಬ್ಬಿಣವಿರುವ ಅಣು ಅದು. ಸೋಯಾ ಗಿಡದ ಬೇರಿನ ಗಂಟಿನಲ್ಲೂ ಹೀಮ್ ಇರುವ ಒಂದು ಪ್ರೋಟೀನ್ ಇದೆ. ಇಂಪಾಸಿಬಲ್ ಫುಡ್ಸ್ ಕಂಪನಿ ಅದರ ಜೀನನ್ನು ಯೀಸ್ಟಿಗೆ ಸೇರಿಸಿ, ಹುದುಗಿಸಿ ತೆಗೆದು ತನ್ನ ಬರ್ಗರಿಗೆ ಹಾಕಿತು. ಬಾಣಲೆಗೆ ಹಾಕಿದ ಕ್ಷಣ ಬಂದ ಆ ವಾಸನೆಗೆ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಕುಲಾಂತರಿ ಎಂಬ ಒಂದೇ ಕಾರಣಕ್ಕೆ ಅದನ್ನು ಮುಟ್ಟದವರೂ ಇದ್ದಾರೆ.

ಹಳೆಯ ಕಡತ

ಈ ಚರ್ಚೆಯನ್ನು ಓದುವಾಗ ನನಗೆ ಮಾರ್ಗರಿನ್ ನೆನಪಾಗುತ್ತಿದೆ. 1869ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಬೆಣ್ಣೆಗೆ ಅಗ್ಗದ ಬದಲಿ ಬೇಕೆಂದಾಗ ಇಪೊಲಿಟ್ ಮೆಜ್-ಮುರಿಯೆಸ್ ಎಂಬ ರಸಾಯನಶಾಸ್ತ್ರಜ್ಞ ದನದ ಕೊಬ್ಬಿನಿಂದ ಅದನ್ನು ತಯಾರಿಸಿದ. ಅಮೆರಿಕದ ಹೈನುಗಾರರು ಸಿಡಿದೆದ್ದರು. 1886ರಲ್ಲಿ ಅಲ್ಲಿನ ಸಂಸತ್ತು ಅದರ ಮೇಲೆ ತೆರಿಗೆ ಹೇರಿತು. ಗ್ರಾಹಕರು ಹೇಸಲಿ ಎಂದೇ ಅದಕ್ಕೆ ಗುಲಾಬಿ ಬಣ್ಣ ಬಳಿದು ಮಾರಬೇಕು ಎಂದು ಕೆಲವು ರಾಜ್ಯಗಳು ಕಾನೂನು ಮಾಡಿದವು! 1898ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನನ್ನು ರದ್ದು ಮಾಡಿತು. ಆದರೂ ಬೆಣ್ಣೆಯಂತೆ ಹಳದಿ ಬಣ್ಣದ ಮಾರ್ಗರಿನ್ ಮಾರಲು ವಿಸ್ಕಾನ್ಸಿನ್ ರಾಜ್ಯ ಅವಕಾಶ ಕೊಟ್ಟದ್ದು 1967ರಲ್ಲಿ. ಒಂದು ಡಬ್ಬಿಯ ಬಣ್ಣಕ್ಕಾಗಿ ಎಂಬತ್ತು ವರ್ಷದ ಕಾಳಗ.

ಇಷ್ಟು ಹೇಳಿ ಹೊಸತನ್ನು ವಿರೋಧಿಸಿದವರೆಲ್ಲ ತಪ್ಪು ಎಂದುಬಿಟ್ಟರೆ ಅದು ಅರ್ಧಸತ್ಯವಾಗುತ್ತದೆ. ಬೆಣ್ಣೆಗಿಂತ ಹೃದಯಕ್ಕೆ ಹಿತ ಎಂದು ಜನ ನಂಬಿ ತಿಂದ ಮಾರ್ಗರಿನ್‌ನಲ್ಲಿ ಗಟ್ಟಿಯಾಗಿಸಲು ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ ಇತ್ತು, ಅದರ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಇನ್ನೂ ಕೆಟ್ಟದ್ದು ಎಂದು ಆಮೇಲೆ ತಿಳಿಯಿತು. ಅಂಥ ಎಣ್ಣೆಯನ್ನು ಸುರಕ್ಷಿತವೆಂದು ಭಾವಿಸಲಾಗದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) ತೀರ್ಮಾನಿಸಿದ್ದು 2015ರಲ್ಲಿ. ಹಿರಿಯರು ‘ಕಾದು ನೋಡೋಣ’ ಎಂದರೆ ಅದರ ಹಿಂದೆ ಇಂಥ ನೆನಪುಗಳೂ ಇರುತ್ತವೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಚೀಸ್ ಮಾಡಲು ಹಾಲು ಒಡೆಯುವ ಕೈಮೋಸಿನ್ ಎಂಬ ಕಿಣ್ವವನ್ನು ಹಿಂದೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗೆ ಕರುವಿನ ಜೀನ್ ಸೇರಿಸಿ ತೆಗೆದ ಕೈಮೋಸಿನ್‌ಗೆ ಎಫ್‌ಡಿಎ 1990ರಲ್ಲೇ ಒಪ್ಪಿಗೆ ಕೊಟ್ಟಿತು. ಇಂದು ಅಮೆರಿಕದ ಬಹುಪಾಲು ಚೀಸ್ ಅದರಿಂದಲೇ ಆಗುತ್ತದೆ. ಯಾರೂ ಗಲಾಟೆ ಮಾಡಲಿಲ್ಲ. ಅದು ತಟ್ಟೆಯ ನಡುವೆ ಬಂದು ಕೂರಲಿಲ್ಲ, ಮೂಲೆಯಲ್ಲಿ ನಿಂತು ಕೆಲಸ ಮಾಡಿತು. ಮಾಂಸ ಹಾಗಲ್ಲ, ಊಟದ ಯಜಮಾನ ಅದು. ಅದರ ಜಾಗಕ್ಕೆ ಬೇರೊಂದು ಬಂದಾಗ ಮನೆಯವರೆಲ್ಲ ತಲೆಯೆತ್ತಿ ನೋಡುತ್ತಾರೆ.

ಹಟ್ಟಿಯವನು

ಕೋಶಗಾರ್ತಿಯವರೇ, ಸೀರಮ್ ವಿಷಯವನ್ನು ನೀವಾಗಿಯೇ ಹೇಳಿದಿರಿ. ಅದಕ್ಕೆ ನನ್ನ ನಮಸ್ಕಾರ. ಮಾರುವವರು ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ನಿಷೇಧದ ಬಗ್ಗೆ ಒಂದು ಮಾತು. ಇಟಲಿ 2023ರ ನವೆಂಬರಿನಲ್ಲಿ ಕೋಶಮಾಂಸದ ತಯಾರಿಕೆ, ಮಾರಾಟ ಎರಡನ್ನೂ ನಿಷೇಧಿಸಿತು, 10,000ದಿಂದ 60,000 ಯೂರೊವರೆಗೆ ದಂಡ. 2024ರಲ್ಲಿ ಫ್ಲೋರಿಡಾ ಮತ್ತು ಅಲಬಾಮ ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮ ಕಸುಬಿನವರು ಹಲವರು ಇದಕ್ಕೆ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಕುರಿ ಚೆನ್ನಾಗಿದ್ದರೆ ಜನ ಅದನ್ನೇ ಆರಿಸಲಿ, ಬೇರೆಯದಕ್ಕೆ ಬಾಗಿಲು ಹಾಕಿ ಗೆದ್ದರೆ ಅದೇನು ಗೆಲುವು? ನಾನು ಕೇಳುವುದು ಹೆಸರಿನಲ್ಲಿ ನಿಯತ್ತು ಮಾತ್ರ.

ಹಸಿರು ದಾರಿ

ನಾನು ಪ್ರಾಣಿಜನ್ಯವಾದದ್ದೇನನ್ನೂ ತಿನ್ನದೆ ಹನ್ನೊಂದು ವರ್ಷವಾಯಿತು. ಕಸಾಯಿಖಾನೆಯನ್ನು ಒಮ್ಮೆ ಒಳಗಿನಿಂದ ನೋಡಿದೆ, ಆ ಸದ್ದು ಕಿವಿಯಿಂದ ಹೋಗಿಲ್ಲ. ಹಟ್ಟಿಯವರು ಪ್ರೀತಿಯಿಂದ ಸಾಕುತ್ತಾರೆ ಎನ್ನುವುದನ್ನು ನಂಬುತ್ತೇನೆ. ಆದರೆ ಜಗತ್ತಿನ ಕೋಳಿ, ಹಂದಿಗಳಲ್ಲಿ ಅಂಥ ಹಟ್ಟಿ ಎಷ್ಟಕ್ಕೆ ಸಿಗುತ್ತದೆ?

ಭೂಮಿಯ ಲೆಕ್ಕವನ್ನೂ ಇಲ್ಲಿ ಯಾರೂ ತೆಗೆಯಲಿಲ್ಲ. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,000 ಕೃಷಿಭೂಮಿಗಳ ಮಾಹಿತಿ ಕೂಡಿಸಿ ನೋಡಿದಾಗ, ಪರಿಸರದ ಮೇಲೆ ದನದ ಮಾಂಸದ ಹೊರೆ ಕಾಳುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಕಂಡಿತು. ಬಟಾಣಿಯ ಬರ್ಗರ್ ನನ್ನಂಥವರಿಗಾಗಿ ಮಾಡಿದ್ದಲ್ಲ, ನನಗೆ ಕಾಳೇ ಸಾಕು. ಅದು ಮಾಂಸ ಬಿಡಲಾಗದವರಿಗೆ ಒಂದು ಸೇತುವೆ. ಆ ಸೇತುವೆಯೂ ಮುರಿದುಬಿದ್ದರೆ ನನಗೆ ತುಂಬಾ ದುಃಖವಾಗುತ್ತದೆ.

ಕೋಶಗಾರ್ತಿ

ಸಸ್ಯಜನ್ಯ ಮಾಂಸಕ್ಕೆ ನಿಮ್ಮ ಲೆಕ್ಕ ಒಪ್ಪುತ್ತದೆ. ನಮ್ಮ ಕೋಶಮಾಂಸದ ಪರವಾಗಿ ನಾನು ಅಷ್ಟು ಧೈರ್ಯವಾಗಿ ಮಾತಾಡಲಾರೆ. 37 ಡಿಗ್ರಿ ಶಾಖ ಕಾಯ್ದುಕೊಳ್ಳಲು, ಕಲಕಲು, ಶುದ್ಧವಾಗಿಡಲು ವಿದ್ಯುತ್ ಬೇಕು. ದನ ಬಿಡುವ ಮೀಥೇನ್ ಸುಮಾರು ಹನ್ನೆರಡು ವರ್ಷದಲ್ಲಿ ಕರಗುತ್ತದೆ, ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಟ್ಟರೆ ಬರುವ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಆದ್ದರಿಂದ ವಿದ್ಯುತ್ತಿನ ಮೂಲ ಶುದ್ಧವಾಗದಿದ್ದರೆ ದೀರ್ಘಕಾಲದಲ್ಲಿ ಕೋಶಮಾಂಸ ಎಲ್ಲ ಸಂದರ್ಭದಲ್ಲೂ ದನದ ಮಾಂಸಕ್ಕಿಂತ ಮೇಲು ಎನ್ನಲಾಗದು ಎಂದು 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ತೋರಿಸಿದರು. ಆಗಲೇ ಭೂಮಿಯನ್ನು ಉಳಿಸಿಬಿಟ್ಟೆವು ಎನ್ನುವ ಜಾಹೀರಾತು ಕಂಡರೆ ನನಗೆ ಸಂಕಟವಾಗುತ್ತದೆ. ಆ ಮಾತನ್ನು ನಂಬಿದವರು ನಾಳೆ ಲೆಕ್ಕ ಕೇಳುತ್ತಾರೆ.

ಪಥ್ಯದವರು

ಅಡುಗೆಮನೆಯವರೇ, ನಿಮ್ಮ ತಂದೆಯ ಆರೋಗ್ಯದ ಮಾತು ಮರೆತೇಹೋಯಿತು. ಆಹಾರತಜ್ಞೆಯಾಗಿ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರ ಮಾಂಸ, ಎಂಟು ವಾರ ಸಸ್ಯಜನ್ಯ ಮಾಂಸ ಕೊಟ್ಟು ಹೋಲಿಸಿದರು. ಸಸ್ಯಜನ್ಯದ ವಾರಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಮತ್ತು ಹೃದಯಕ್ಕೆ ಅಪಾಯ ಸೂಚಿಸುವ ಟಿಎಂಎಒ ಎಂಬ ಅಂಶ ಕಡಿಮೆಯಾಯಿತು. ಜನರ ಸಂಖ್ಯೆ ಚಿಕ್ಕದು, ಹಣ ಕೊಟ್ಟದ್ದು ಸಸ್ಯಜನ್ಯ ಮಾಂಸ ತಯಾರಿಸುವ ಬಿಯಾಂಡ್ ಮೀಟ್ ಕಂಪನಿ. ಆದರೂ ನಿಮ್ಮ ಪ್ರಯತ್ನ ದಾರಿ ತಪ್ಪಿದ್ದೇನೂ ಅಲ್ಲ.

ಪ್ಯಾಕೆಟ್‌ನ ಹಿಂಬದಿಯಲ್ಲಿ ಉಪ್ಪಿನ ಅಂಶ ಎಷ್ಟಿದೆ, ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಎಷ್ಟಿದೆ ಎನ್ನುವ ಎರಡು ಸಾಲುಗಳನ್ನು ಓದಿ. ಉಪ್ಪು ಬಹಳಷ್ಟು ಉತ್ಪನ್ನಗಳಲ್ಲಿ ಹೆಚ್ಚು, ನಿಮ್ಮ ಕೈಯಿಂದ ಮತ್ತೆ ಹಾಕಬೇಡಿ. ತೆಂಗಿನೆಣ್ಣೆ ಇದ್ದರೆ ಪರ್ಯಾಪ್ತ ಕೊಬ್ಬು ಏರುತ್ತದೆ. ಬಿಯಾಂಡ್ ಮೀಟ್ 2024ರಲ್ಲಿ ತನ್ನ ಬರ್ಗರಿನಲ್ಲಿ ಅದರ ಬದಲು ಅವಕಾಡೊ ಎಣ್ಣೆ ಬಳಸತೊಡಗಿದ್ದು ಇಂಥ ಟೀಕೆಯ ನಂತರವೇ. ಬಿ12 ಜೀವಸತ್ವ ಸೇರಿಸಿದ್ದಾರೆಯೇ ಎಂದೂ ನೋಡಿ.

ಅತಿಸಂಸ್ಕರಿತ ಆಹಾರ ಎಂಬ ಹಣೆಪಟ್ಟಿಯೇ ಈಗ ಜನರನ್ನು ಇದರಿಂದ ದೂರ ತಳ್ಳುತ್ತಿದೆ. ಪದಾರ್ಥಗಳ ಪಟ್ಟಿ ಉದ್ದವಾದಷ್ಟೂ ಕೈ ಹಿಂದೆ ಸರಿಯುತ್ತದೆ. ನನ್ನ ಬಳಿ ಬರುವವರಿಗೆ ನಾನು ಹೇಳುವುದು ಒಂದೇ. ತರಕಾರಿ, ಕಾಳಿನ ಊಟದ ಬದಲು ಇದನ್ನು ತಿಂದರೆ ನಷ್ಟ, ಸಂಸ್ಕರಿಸಿದ ಮಾಂಸದ ಸಾಸೇಜಿನ ಬದಲು ತಿಂದರೆ ಲಾಭ.

ಸಮೀಕ್ಷೆಗಾರ

ಈಗ ಮೂಲ ಪ್ರಶ್ನೆಗೆ ಮತ್ತೆ ಬರೋಣ. ಹಟ್ಟಿಯವರು ಹೆಸರಿನ ನಿಯತ್ತು ಎಂದರಲ್ಲ, ಅದು ನಮ್ಮ ಕ್ಷೇತ್ರದ ತಿರುಳು.

ಹೆಸರು ಬದಲಾದರೆ ಮನಸ್ಸು ಬದಲಾಗುತ್ತದೆ ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ. 2019ರಲ್ಲಿ ಬ್ರಯಂಟ್ ಮತ್ತು ಬಾರ್ನೆಟ್ ಎಂಬ ಸಂಶೋಧಕರು ಒಂದೇ ಕೋಶಮಾಂಸವನ್ನು ಬೇರೆ ಬೇರೆ ಹೆಸರಿನಲ್ಲಿ ಬಣ್ಣಿಸಿದಾಗ ‘ಪ್ರಯೋಗಾಲಯದ ಮಾಂಸ’ ಎಂಬುದಕ್ಕಿಂತ ‘ಶುದ್ಧ ಮಾಂಸ’ ಎಂಬುದರತ್ತ ಜನರ ಒಲವು ಹೆಚ್ಚಿತ್ತು. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಏಳು ಸಾವಿರಕ್ಕೂ ಹೆಚ್ಚು ಅಮೆರಿಕನ್ನರಿಗೆ ಎರಡು ಬುಟ್ಟಿ ಆಹಾರ ತೋರಿಸಿ ಒಂದನ್ನು ಆರಿಸಲು ಹೇಳಿದರು. ಮಾಂಸ, ಹಾಲು ಇಲ್ಲದ ಬುಟ್ಟಿಗೆ ‘ವೀಗನ್’ ಎಂದು ಬರೆದಾಗ ಶೇ 20ರಷ್ಟು ಜನ ಅದನ್ನು ಆರಿಸಿದರು. ಅದೇ ಬುಟ್ಟಿಗೆ ‘ಆರೋಗ್ಯಕರ ಮತ್ತು ಸುಸ್ಥಿರ’ ಎಂದಾಗ ಶೇ 44ರಷ್ಟು. ಬುಟ್ಟಿಯೊಳಗೆ ಒಂದು ಕಾಳೂ ಬದಲಾಗಿರಲಿಲ್ಲ.

ಇದನ್ನು ಓದಿದ ಮಾರಾಟಗಾರ ಒಳ್ಳೆಯ ಹೆಸರು ಹುಡುಕಲು ಹೊರಡುತ್ತಾನೆ. ನಾನೂ ಕೆಲವು ವರ್ಷ ಆ ಕೆಲಸ ಮಾಡಿದೆ, ಈಗ ಅದು ಸಾಲದು ಎಂದು ದೃಢವಾಗಿ ನಂಬುತ್ತೇನೆ. ಒಳ್ಳೆಯ ಹೆಸರು ಮೊದಲ ಪ್ಯಾಕೆಟ್ ಕೊಳ್ಳಿಸುತ್ತದೆ. ಎರಡನೆಯದನ್ನು ಕೊಳ್ಳಿಸಲಾರದು. ಬಿಯಾಂಡ್ ಮೀಟ್ 2019ರ ಮೇ ತಿಂಗಳಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಒಂದು ಷೇರಿಗೆ 25 ಡಾಲರ್ ಇತ್ತು. ಜುಲೈ ಹೊತ್ತಿಗೆ 230 ದಾಟಿತ್ತು. 2025ರ ಅಕ್ಟೋಬರಿನಲ್ಲಿ ಒಂದು ಡಾಲರಿಗಿಂತ ಕೆಳಗೆ ಬಿತ್ತು. ಅದರಲ್ಲಿ ಸಾಲದ ಕಥೆಯೂ ಇದೆ, ಆದರೆ ಬುಡದಲ್ಲಿರುವುದು ಇದೇ: ಕುತೂಹಲಕ್ಕೆ ಕೊಂಡವರು ಮರಳಿ ಬರಲಿಲ್ಲ. ಇದಕ್ಕೆ ಹೋಲಿಸಿ, ಶಿಲೀಂಧ್ರದಿಂದ ಮಾಡುವ ಕ್ವಾರ್ನ್ ಎಂಬ ಮಾಂಸದ ಬದಲಿಯನ್ನು ನೋಡಿ. ಬ್ರಿಟನ್ನಿನಲ್ಲಿ 1985ರಿಂದ ಇಂದಿನವರೆಗೂ ಮಾರಾಟದಲ್ಲಿದೆ. ಅದು ತನ್ನದೇ ಹೆಸರಿನಲ್ಲಿ ನಿಂತಿತು.

ಕೋಶಮಾಂಸದವರಲ್ಲಿ ನನಗೆ ಹಿಡಿಸಿದ ಒಂದು ನಡೆ ಇದೆ. 2024ರ ಮೇ ತಿಂಗಳಲ್ಲಿ ಸಿಂಗಪುರದ ಒಂದು ಮಾಂಸದಂಗಡಿಯಲ್ಲಿ ಗುಡ್ ಮೀಟ್ ಕಂಪನಿ ಮಾರಲು ಇಟ್ಟ ಪ್ಯಾಕೆಟ್‌ನಲ್ಲಿ ಕೋಳಿಯ ಕೋಶ ಇದ್ದದ್ದು ಶೇ 3 ಮಾತ್ರ, ಉಳಿದದ್ದು ಸಸ್ಯದ ಪ್ರೋಟೀನ್. ಹೆಸರಿನಲ್ಲೇ ಆ 3 ಎಂಬ ಅಂಕಿ ಇತ್ತು. ಕೆಲವರು ಅದನ್ನು ಸೋಲು ಎಂದರು. ನಾನು ಒಪ್ಪುವುದಿಲ್ಲ. ಎಷ್ಟು ಇದೆಯೋ ಅಷ್ಟನ್ನೇ ಹೇಳಿದ ಪ್ಯಾಕೆಟ್ ಅದು.

ಹಸಿರು ದಾರಿ

ಹಾಗಾದರೆ ಸಸ್ಯದಿಂದ ಮಾಡಿದ್ದಕ್ಕೆ ‘ಬರ್ಗರ್’ ಎಂಬ ಹೆಸರೂ ಸುಳ್ಳೇ? ಐರೋಪ್ಯ ಸಂಸತ್ತು 2020ರಲ್ಲಿ ಅಂಥ ಹೆಸರುಗಳ ನಿಷೇಧವನ್ನು ತಳ್ಳಿಹಾಕಿತ್ತು, 2025ರ ಅಕ್ಟೋಬರಿನಲ್ಲಿ ನಿಷೇಧದ ಪರವಾಗಿ ಮತ ಹಾಕಿತು. ಬರ್ಗರ್ ಎನ್ನುವುದು ಒಂದು ಆಕಾರ, ತಿನ್ನುವ ಒಂದು ಬಗೆ. ‘ಬಟಾಣಿ ಬರ್ಗರ್’ ಎಂದು ಬರೆದರೆ ಯಾರು ಮೋಸಹೋಗುತ್ತಾರೆ?

ಹಟ್ಟಿಯವನು

ಬಟಾಣಿ ಎಂಬ ಮಾತು ಮುಂದೆ, ದೊಡ್ಡ ಅಕ್ಷರದಲ್ಲಿ ಇರಲಿ. ಬರ್ಗರ್ ಎನ್ನಲು ನನ್ನ ಅಡ್ಡಿಯಿಲ್ಲ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ ಎಂದು ಕಾಣುತ್ತದೆ.

ಅಡುಗೆಮನೆಯಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಈ ಮಾತುಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಮಾರ್ಗರಿನ್‌ಗೆ ಗುಲಾಬಿ ಬಣ್ಣ ಬಳಿಯಬೇಕೆಂದ ಕಾನೂನು ಕೇಳಿ ಬಹಳ ದಿನದ ಮೇಲೆ ಜೋರಾಗಿ ನಕ್ಕರು. ಹಟ್ಟಿಯವರು ಬರೆದದ್ದನ್ನು ಎರಡು ಸಲ ಓದಿಸಿದರು. ನಾನು ಹೇಳದೆ ಬಡಿಸಿದ್ದಕ್ಕೆ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರುಚಿ ಚೆನ್ನಾಗಿಯೇ ಇತ್ತು. ಆದರೆ ನಾನು ಚೆನ್ನಾಗಿದೆ ಎಂದು ಹೊಗಳುವಾಗ ನೀನು ಒಳಗೊಳಗೇ ನನ್ನನ್ನು ಪರೀಕ್ಷೆ ಮಾಡುತ್ತಿದ್ದೆ ಎನ್ನುವುದು ಬೇಸರವಾಯಿತು’ ಎಂದರು. ನನ್ನ ಪ್ರಶ್ನೆಗೆ ಉತ್ತರ ಅವರ ಬಾಯಿಂದಲೇ ಬಂತು.

ಆಮೇಲೆ ಫ್ರೀಜರಿನಿಂದ ಪ್ಯಾಕೆಟ್ ತೆಗೆಸಿ, ಕನ್ನಡಕ ಹಾಕಿಕೊಂಡು ಹಿಂಬದಿಯ ಪಟ್ಟಿಯನ್ನು ತಾವೇ ಓದಿದರು. ಮೀಥೈಲ್ ಸೆಲ್ಯುಲೋಸ್ ಅದರಲ್ಲೂ ಇದೆ. ಉಪ್ಪಿನ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಭಾನುವಾರ ತಾವೇ ಬೇಯಿಸುತ್ತಾರಂತೆ, ನಾನು ಪಕ್ಕದಲ್ಲಿ ನಿಲ್ಲಬೇಕಂತೆ. ತಿನ್ನುತ್ತಾರೋ ಬಿಡುತ್ತಾರೋ ಅದು ಅವರ ಇಷ್ಟ. ಬಾಣಸಿಗರೇ, ಹೇಗೆ ಬೇಯಿಸಿದರೆ ಒಳ್ಳೆಯದು ಎಂದು ದಯವಿಟ್ಟು ತಿಳಿಸಿ.

ಬಾಣಸಿಗ

ಪ್ಯಾಕೆಟ್‌ನ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ ಶನಿವಾರ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿಡಿ. ಬಾಣಲೆ ಚೆನ್ನಾಗಿ ಕಾದ ಮೇಲೆ ತೆಳುವಾಗಿ ಹರಡಿ, ಒಂದು ಬದಿ ಕಂದು ಬಣ್ಣಕ್ಕೆ ಬರುವವರೆಗೆ ಕೈಯಾಡಿಸಬೇಡಿ. ಎಣ್ಣೆ ಅದರಿಂದಲೇ ಬಿಡುತ್ತದೆ, ಮೇಲಿಂದ ಸ್ವಲ್ಪವೇ ಸಾಕು. ಉಪ್ಪು ಹಾಕಬೇಡಿ, ಹುಳಿ ಮತ್ತು ಕಾಳುಮೆಣಸು ಮುಂದೆ ಬರಲಿ. ನೀರು ಹಾಕಿ ಬಹಳ ಹೊತ್ತು ಕುದಿಸಿದರೆ ನಾರು ಸಡಿಲವಾಗುತ್ತದೆ. ಮೊದಲು ಎಲ್ಲರನ್ನೂ ಊಟಕ್ಕೆ ಕೂರಿಸಿ, ಆಮೇಲೆ ಒಲೆ ಹಚ್ಚಲು ಅಪ್ಪನಿಗೆ ಹೇಳಿ. ಇದು ಬಿಸಿಯಾಗಿದ್ದಾಗಲೇ ತಟ್ಟೆಗೆ ಬರಬೇಕು.